ಖಾಲಿ ಕುರ್ಚಿಗೆ ಹೊದಿಸಿದ ಶಾಲು

ಮಸ್ಕತ್ ನಿಲ್ದಾಣ

ವಿದೇಶಕ್ಕೆ ಹೋದವರೆಲ್ಲ ವಿಮಾನ ಇಳಿದ ಕೂಡಲೇ ಬೆರಗಾದೆವೆಂದು ಬರೆಯುತ್ತಾರೆ. ನನಗೆ ಮೊದಲು ಬಂದದ್ದು ಕೋಪ, ಆಮೇಲೆ ಮಂಡಿನೋವು. ಟ್ರಾಲಿ ಹಿಡಿದು ಹೊರಬಾಗಿಲಲ್ಲಿ ನಿಂತಿದ್ದೆ. ಕರೆದೊಯ್ಯಬೇಕಾದ ತಮ್ಮ ವಿಕ್ಟರನ ಪತ್ತೆಯಿರಲಿಲ್ಲ. ಸುತ್ತ ಬಿಳಿ ನಿಲುವಂಗಿಯ ಒಮಾನಿ ಗಂಡಸರು ತಮ್ಮವರ ಕೈ ಹಿಡಿದು ಮಾತಾಡುತ್ತಿದ್ದರು. ಇವರು ಕೈ ಹಿಡಿದರೆ ಬೇಗ ಬಿಡುವವರಲ್ಲ. ಆರೋಗ್ಯ, ಮನೆ, ಮಕ್ಕಳು, ಊರಿನ ಸುದ್ದಿ ಎಲ್ಲ ವಿಚಾರಿಸಿದ ಮೇಲೆಯೇ ಬಿಡುವುದು. ನನ್ನ ಕೈ ಹಿಡಿಯಲು ಮಾತ್ರ ಟ್ರಾಲಿಯ ಹಿಡಿಕೆಯೊಂದೇ ಇತ್ತು.

ಕೊನೆಗೆ ಕನ್ನಡಕದ, ನಡುವಯಸ್ಸಿನ ಒಬ್ಬರು ಓಡುತ್ತ ಬಂದರು.

"ಸಿಸಿಲಿಯಾ ಟೀಚರ್ ಅಲ್ವಾ? ನಾನು ಹರೀಶ, ಮೈಸೂರು. ವಿಕ್ಟರಣ್ಣ ಮಾರ್ಚುರಿಲಿದ್ದಾರೆ." ನನ್ನ ಮುಖ ನೋಡಿ ಗಾಬರಿಯಾದರು. "ಅಯ್ಯೋ, ಅವರಿಗೇನೂ ಆಗಿಲ್ಲ. ಕೆಲಸದ ಮೇಲೆ ಹೋಗಿದಾರೆ."

ಅವರ ಕಾರಿನ ಹಿಂಭಾಗದ ತುಂಬ ಮಡಚುವ ಕುರ್ಚಿಗಳು. ನಾನು ಕೂತ ಸೀಟಿನ ಪಕ್ಕದಲ್ಲೂ ಎರಡಿದ್ದವು, ಅವುಗಳ ಕಾಲು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಇಲ್ಲಿಯ ಕನ್ನಡ ಕೂಟದ ಕುರ್ಚಿಗಳಂತೆ. ಇಡಲು ಜಾಗವಿಲ್ಲದೆ ಅವು ಹರೀಶರ ಕಾರಿನಲ್ಲೇ ಸಂಸಾರ ಹೂಡಿದ್ದವು. ಹರೀಶರು ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವವರು. ಕೂಟದಲ್ಲಿ ಅವರಿಗೆ ಹುದ್ದೆ ಏನೂ ಇಲ್ಲ. ಕಾರ್ಯಕ್ರಮಕ್ಕೆ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕುವುದು, ಎಲ್ಲರೂ ಊಟ ಮಾಡಿ ಹೋದ ಮೇಲೆ ಮಡಚುವುದು, ಅಷ್ಟೇ.

ವಿಕ್ಟರನ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅವನು ಒಂದು ಕಂಪನಿಯ ಉಗ್ರಾಣ ನೋಡಿಕೊಳ್ಳುವವನು. ಆದರೆ ಮಸ್ಕತ್ತಿನಿಂದ ಸೋಹಾರ್‌ವರೆಗೆ ಅವನನ್ನು ಜನ ಬಲ್ಲದ್ದು ಬೇರೆ ಕಾರಣಕ್ಕೆ. ನಮ್ಮ ಕಡೆಯ ಕೂಲಿಯವನೋ ಚಾಲಕನೋ ಇಲ್ಲಿ ಸತ್ತರೆ ಮೊದಲ ಕರೆ ಬರುವುದು ಅವನಿಗೆ. ಗುರುತು ಹಿಡಿಯುವುದು, ಪೊಲೀಸರ ಕಾಗದ, ವೀಸಾ ಕೊಟ್ಟು ಕೆಲಸಕ್ಕೆ ಕರೆಸಿಕೊಂಡ ಕಫೀಲನ ಸಹಿ, ಮನೆಯವರಿಗೆ ತಿಳಿಸುವುದು, ಪೆಟ್ಟಿಗೆಯನ್ನು ವಿಮಾನಕ್ಕೆ ಹತ್ತಿಸುವುದು, ಇಷ್ಟೂ ಅವನದೇ. ಯಾರೂ ನೇಮಿಸಿದ್ದಲ್ಲ. ಈಗ ಅವನಿಗೆ ಅರವತ್ತಾಯಿತು, ಕಂಪನಿ ಖಲಾಸ್ ಎಂದಿದೆ. ತಿಂಗಳ ಕೊನೆಗೆ ಊರು ಸೇರುವವನು. ಅದಕ್ಕೆ ಮೊದಲು ಕೂಟದವರು ಸನ್ಮಾನ ಇಟ್ಟಿದ್ದರು. ಅದನ್ನು ನೋಡಲೆಂದೇ ನಾನು ನಮ್ಮೂರು ಶಿರ್ವದಿಂದ ಬಂದದ್ದು. ಜರಿಯ ಶಾಲು ಇಲ್ಲಿ ಸಿಕ್ಕುವುದಿಲ್ಲವೆಂದು ನನ್ನಿಂದಲೇ ತರಿಸಿದ್ದರು.

"ಅವನು ಹೋದ ಮೇಲೆ ಈ ಕೆಲಸ ಯಾರು ಮಾಡುವುದು?" ಎಂದು ಕೇಳಿದೆ.

"ಅದೇ ಗೊತ್ತಾಗ್ತಿಲ್ಲ ಟೀಚರ್. ನಾನೂ ಒಂದ್ಸಲ ಅವರ ಜೊತೆ ಹೋದೆ. ಮುಖ ನೋಡಿದ್ದೇ ತಲೆ ಸುತ್ತಿ ಬಿದ್ದೆ. ಸತ್ತವನನ್ನ ಬಿಟ್ಟು ಎಲ್ಲರೂ ನನ್ನನ್ನ ಎತ್ತಬೇಕಾಯ್ತು. ನನಗೆ ಕುರ್ಚಿನೇ ಸರಿ."

ಅಲ್ ಮವಾಲೇಹ್

ವಿಕ್ಟರನ ಮನೆ ತರಕಾರಿ ಮಾರುಕಟ್ಟೆಗೆ ಹತ್ತಿರ. ಹೆಂಡತಿ ಐರಿನ್ ಆಗಲೇ ಊರಿಗೆ ಹೋಗಿ ಮನೆಗೆ ಬಣ್ಣ ಹೊಡೆಸುತ್ತಿದ್ದಳು. ಅರ್ಧ ಖಾಲಿಯಾದ ಕೋಣೆಗಳಲ್ಲಿ ಪೆಟ್ಟಿಗೆಗಳ ನಡುವೆ ಅವನೊಬ್ಬನೇ. ಮಾರ್ಚುರಿಯಿಂದ ಬಂದು, ನಾನು ತಂದ ಬಂಗುಡೆ ಉಪ್ಪಿನಕಾಯಿ ಹಾಕಿಕೊಂಡು ಗಂಜಿ ಉಣ್ಣುತ್ತ ಕೂತಿದ್ದವನು ಚಮಚ ಕೈಯಲ್ಲಿರುವಂತೆಯೇ ನಿದ್ದೆಹೋದ. ತಮ್ಮ ಇಷ್ಟು ಮುದುಕನಾಗಿದ್ದಾನೆಂದು ವಿಡಿಯೋ ಕರೆಯಲ್ಲಿ ಗೊತ್ತಾಗುವುದಿಲ್ಲ. ನನಗೆ ಅಳು ಬಂತು. ನಿಲ್ದಾಣದಲ್ಲಿ ಬಯ್ಯಬೇಕೆಂದು ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ದಂಡವಾದವು.

ಸಂತ ಅಂತೋನಿಯ ಪ್ರತಿಮೆಯ ಪಕ್ಕದಲ್ಲಿ ಒಂದು ಹಳೆಯ ಗುಂಡಿ ಒತ್ತುವ ಫೋನು. ಕ್ಯಾಂಪುಗಳ ಗೋಡೆಗಳ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡ ನಂಬರು ಅದರದ್ದು. ಅದು ಹೊಡೆದುಕೊಂಡರೆ ವಿಕ್ಟರ್ ಎಂಥ ನಿದ್ದೆಯಿಂದಲೂ ಏಳುತ್ತಾನೆ.

ಈಗ ಅದು ಹೊಡೆದುಕೊಳ್ಳದಿದ್ದರೂ ತಾನೇ ಎದ್ದು, ನಿದ್ದೆ ಮಾಡಿಯೇ ಇಲ್ಲವೆಂಬಂತೆ ಮಾತು ಮುಂದುವರಿಸಿದ. ನಾವು ಆಡುವುದು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಕ್ಕಾ, ಸನ್ಮಾನ ಬೇಡ ಅಂತ ನೀನಾದರೂ ಹೇಳು. ಈ ಫೋನನ್ನು ಯಾರಾದರೂ ತಕ್ಕೊಂಡರೆ ನನಗೆ ಅದೇ ಸನ್ಮಾನ."

"ಕಮಿಟಿಯವರನ್ನು ಕೇಳಿದೆಯಾ?"

"ಕೇಳದೆ ಉಂಟಾ? ಒಬ್ಬನಿಗೆ ಆಫೀಸಂತೆ, ಒಬ್ಬನಿಗೆ ಬಿಪಿಯಂತೆ. ಅಧ್ಯಕ್ಷ ಆಗ್ಲಿಕ್ಕೆ ಮಾತ್ರ ಎಲ್ಲರಿಗೂ ಪುರುಸೊತ್ತುಂಟು. ನಾನು ಹೋದ ಮರುದಿನ ಯಾರಾದರೂ ಸತ್ತರೆ ಹೆಸರು ಹೇಳುವವರಿಲ್ಲದೆ ಅಲ್ಲೇ ಬಿದ್ದಿರ್ತಾನೆ."

ಸಂಜೆ ಅಧ್ಯಕ್ಷರು ಬಿನ್ನವತ್ತಳೆಯ ಕರಡು ಹಿಡಿದುಕೊಂಡು ಬಂದರು. ಕನ್ನಡ ಟೀಚರ್ ಸಿಕ್ಕಿದ್ದಾರೆ, ತಿದ್ದಿಸಿಬಿಡೋಣ ಎಂದು. ಮೇಲೆ ವಿಕ್ಟರನ ಹೆಸರು ದಪ್ಪಕ್ಷರದಲ್ಲಿತ್ತು, ಕೆಳಗೆ ಪದಾಧಿಕಾರಿಗಳ ಸಾಲು. ನಾನು ಅಲ್ಪಪ್ರಾಣ ಮಹಾಪ್ರಾಣ ತಿದ್ದಿದೆ. ಅವರಿಗೆ ಅದರ ಚಿಂತೆ ಇರಲಿಲ್ಲ. ಉಪಾಧ್ಯಕ್ಷರ ಹೆಸರು ಕಾರ್ಯದರ್ಶಿಗಿಂತ ಮೇಲೆ ಬರಬೇಕೋ ಪಕ್ಕದಲ್ಲಿ ಬರಬೇಕೋ ಎಂಬುದರ ಬಗ್ಗೆ ಎರಡು ಚಹಾ ಮುಗಿಯುವವರೆಗೆ ಮಾತಾಡಿದರು. ಊರಿನ ಶಾಲಾ ವಾರ್ಷಿಕೋತ್ಸವ ನೆನಪಾಗಿ ನನಗೆ ಸುಸ್ತಾಯಿತು. ಸಮುದ್ರ ದಾಟಿದರೂ ಆಮಂತ್ರಣ ಪತ್ರಿಕೆಯ ಜಗಳ ದಾಟಲಾಗುವುದಿಲ್ಲ.

ಬರ್ಕಾ

ಮರುದಿನ ಗುರುವಾರ. ಸಹಮ್ ಹತ್ತಿರದ ಒಂದು ತೋಟದಲ್ಲಿ ಕುಂದಾಪುರ ಕಡೆಯ ಭಾಸ್ಕರ ಎಂಬಾತ ಎದೆನೋವಿನಿಂದ ಸತ್ತಿದ್ದ. ಶುಕ್ರವಾರ, ಶನಿವಾರ ಕಚೇರಿ ರಜೆ, ಆದ್ದರಿಂದ ಅಂದೇ ಹೋಗಬೇಕು. ವಿಕ್ಟರ್ ಸ್ಟಿಯರಿಂಗ್ ಹಿಡಿದರೆ ನಾವೂ ಪೆಟ್ಟಿಗೆಯಲ್ಲಿ ಊರು ಸೇರುವ ಸ್ಥಿತಿ, ಹಾಗಾಗಿ ಹರೀಶರು ರಜೆ ಹಾಕಿ ಕಾರು ತಂದರು. ಮನೆಯಲ್ಲಿ ಒಬ್ಬಳೇ ಕೂತು ಮಾಡುವುದೇನೆಂದು ನಾನೂ ಹತ್ತಿದೆ. ಕುರ್ಚಿಗಳು ಹೇಗೂ ಇದ್ದವು.

ಬರ್ಕಾದಲ್ಲಿ ಒಬ್ಬ ಹೆಂಗಸು ಹತ್ತಿದರು. ಹೆಸರು ಲೇಯಾ, ಒಂದು ಕ್ಲಿನಿಕ್ಕಿನ ಪ್ರಯೋಗಾಲಯದಲ್ಲಿ ಕೆಲಸ. ಅರಬ್ಬಿ ಚೆನ್ನಾಗಿ ಬಲ್ಲವರು. ಕಚೇರಿಗಳಲ್ಲಿ ವಿಕ್ಟರನ ಮುರುಕು ಅರಬ್ಬಿ ಸಾಲದಾದಾಗ ಇವರು ಜೊತೆಗೆ ಹೋಗುತ್ತಾರಂತೆ. ಬಾಯಿ ತೆರೆದದ್ದೇ ಹುಬ್ಬಳ್ಳಿ ಕನ್ನಡ.

"ನಮ್ಮಪ್ಪ ರೇಲ್ವೆದಾಗ ಇದ್ರು. ನಾವು ಮುಂಬೈ ಕಡೆಯ ಯಹೂದಿ ಮಂದಿ, ಆದ್ರ ನಾ ಹುಟ್ಟಿ ಬೆಳದದ್ದೆಲ್ಲ ಹುಬ್ಬಳ್ಳಿ ಕ್ವಾರ್ಟರ್ಸ್‌ನ್ಯಾಗ. ಇಲ್ಲಿ ನಾ ಇಂಡಿಯನ್, ಅಷ್ಟ. ಅದಕ್ಕಿಂತ ಹೆಚ್ಚು ಯಾರೂ ಕೇಳೂದಿಲ್ಲ, ನಾನೂ ಹೇಳೂದಿಲ್ಲ."

ಅವರ ಮಡಿಲಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ತಿಂಡಿಯೆಂದು ನಾನು ಆಸೆಪಟ್ಟೆ. ತೆರೆದರೆ ಒಳಗೆ ಹಳೆಯ ಪ್ರಾರ್ಥನೆ ಪುಸ್ತಕದ ಕಿತ್ತುಹೋದ ಹಾಳೆಗಳು. ಊರಿಗೆ ಹೋಗುವ ವಿಕ್ಟರನ ಕೈಯಲ್ಲಿ ಕಳಿಸಲು ತಂದಿದ್ದರು. ಅವನು ಮುಂಬೈಯಲ್ಲಿ ಇಳಿದು ಅವರ ಅಣ್ಣನಿಗೆ ಮುಟ್ಟಿಸಬೇಕು.

"ಇದರಾಗ ದೇವರ ಹೆಸರು ಅದರಿ. ಒಗಿಯೂ ಹಂಗಿಲ್ಲ, ಸುಡೂ ಹಂಗಿಲ್ಲ. ನಮ್ಮ ಸ್ಮಶಾನದಾಗ ಮನಷ್ಯಾನ್ನ ಹುಗದಂಗ ಹುಗೀಬೇಕು."

ಹರೀಶರು ಕನ್ನಡಿಯಲ್ಲಿ ನೋಡಿದರು. "ನನ್ನ ಡಿಕ್ಕಿಲೂ ಒಂದು ರಾಶಿ ಮದುವೆ ಕಾಗದ ಇದೆ ಮೇಡಂ. ಗಣಪತಿ ಇದಾನಲ್ಲ, ಹೆಂಗೆ ಬಿಸಾಕೋದು? ಊರಲ್ಲಾದ್ರೆ ಅರಳಿಮರದ ಬುಡ ಇತ್ತು."

ನಮ್ಮಲ್ಲೂ ಗರಿಗಳ ಭಾನುವಾರದ ತೆಂಗಿನ ಗರಿಯನ್ನು ಕಸಕ್ಕೆ ಹಾಕುವಂತಿಲ್ಲ. ವರ್ಷವಿಡೀ ಶಿಲುಬೆಯ ಹಿಂದೆ ಸಿಕ್ಕಿಸಿ, ಬೂದಿ ಬುಧವಾರಕ್ಕೆ ಇಗರ್ಜಿಗೆ ಮರಳಿಸಬೇಕು. ದೇವರನ್ನು ಎಲ್ಲಿಡುವುದೆಂಬ ಕಷ್ಟ ಮೂರೂ ಮತದವರಿಗೆ ಒಂದೇ ಎಂದು ನಾನು ಹೇಳಿದೆ. ಮುಂದಿನ ಸೀಟಿನಲ್ಲಿ ವಿಕ್ಟರ್ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ.

"ಆ ಹೆಸರನ್ನು ನೀವು ಹೇಗೆ ಹೇಳುವುದು?" ನಮ್ಮ ಬೈಬಲ್ಲಿನಲ್ಲಿ ಆ ಜಾಗದಲ್ಲಿ ಸರ್ವೇಶ್ವರ ಎಂದಿರುತ್ತದೆ.

"ಹೇಳೂದ ಇಲ್ರಿ. ನಾಕು ಅಕ್ಷರ ಅದಾವ, ಕಣ್ಣಿಗೆ ಕಾಣ್ತಾವ, ಬಾಯಿಲೇ ಅನ್ನೂದಿಲ್ಲ. ಓದೂ ಮುಂದ ಬ್ಯಾರೆ ಮಾತು ಅಂತೀವಿ, ಮನ್ಯಾಗ ಬರೇ 'ಹೆಸರು' ಅಂತೀವಿ. ಹುಬ್ಬಳ್ಯಾಗ ನೋಡ್ರಿ, ಹೆಣಮಕ್ಕಳು ಗಂಡನ ಹೆಸರು ಹೇಳೂದಿಲ್ಲ, ಒತ್ತಾಯ ಮಾಡಿದ್ರ ಒಡಪು ಹಾಕಿ ಹೇಳ್ತಾರ. ಹಂಗ ತಿಳ್ಕೋರಿ. ಭಾಳ ಹತ್ರದವರ ಹೆಸರು ಬಾಯಾಗ ಬರೂದಿಲ್ಲ."

ನಮ್ಮ ಅಜ್ಜಿ ಅಜ್ಜನನ್ನು ಜೀವಮಾನವಿಡೀ "ಕೇಳಿತಾ" ಎಂದೇ ಕರೆದವಳು. ಅಜ್ಜ ಸತ್ತಾಗ ಪಾದ್ರಿಗಳು ಹೆಸರು ಕೇಳಿದರೆ ನನ್ನಪ್ಪನ ಕಡೆ ತಿರುಗಿ ನೋಡಿದ್ದಳಂತೆ. ಅದನ್ನು ಹೇಳಿದೆ. ಲೇಯಾ ನಕ್ಕರು.

"ಇನ್ನೊಂದು ಹೆಸರೂ ಅದರಿ. ಅದು ನ್ಯಾಯದ ಹೆಸರು, ತಪ್ಪಿಗೆ ಶಿಕ್ಷಾ ಕೊಡೂ ದೇವರು. ನಾಕು ಅಕ್ಷರದ್ದು ಕರುಣೆಯ ಹೆಸರು. ಒಬ್ಬಾವನ ದೇವರು, ಆದ್ರ ನ್ಯಾಯದ ಕುರ್ಚಿ ಬಿಟ್ಟು ಎದ್ದು ಕರುಣೆಯ ಕುರ್ಚಿಮ್ಯಾಗ ಕೂಡತಾನ ಅಂತ ನಮ್ಮ ಹಿರ್‍ಯಾರು ಹೇಳ್ತಾರ. ಬೇಡಿಕೊಂಡು ಕೂಡಸವರು ಬೇಕು, ಅಷ್ಟ."

ಸಹಮ್

ತೋಟದ ಮಾಲೀಕ ಮುದುಕ, ಭಾಸ್ಕರನ ಕಫೀಲ್. ಕಠಿಣ ಮುಖದವನನ್ನು ನಿರೀಕ್ಷಿಸಿದ್ದೆ. ಈತ ಚಾಪೆ ಹಾಸಿ ಕೂರಿಸಿದ, ಖರ್ಜೂರ ಇಟ್ಟ, ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿಯ ಕಹಿ ಕಾಫಿ ಸುರಿದ. ಕೊಟ್ಟದ್ದನ್ನು ಮುಗಿಸಬೇಕೆಂದು ಕಲಿತವಳು ನಾನು, ಮುಗಿಸಿದೆ. ಮತ್ತೆ ಸುರಿದ. ಮುಗಿಸಿದೆ, ಮತ್ತೆ ಸುರಿದ. ಸಾಕೆನ್ನಲು ಬಟ್ಟಲನ್ನು ಅಲುಗಾಡಿಸಬೇಕೆಂದು ಲೇಯಾ ಪಿಸುಗುಟ್ಟುವಷ್ಟರಲ್ಲಿ ನನ್ನ ಎದೆ ಡೋಲಿನಂತೆ ಹೊಡೆದುಕೊಳ್ಳುತ್ತಿತ್ತು. ಸಾವಿನ ಮನೆಯಲ್ಲಿ ನಗುವಂತಿಲ್ಲ, ಹರೀಶರು ಕೆಮ್ಮಿದರು.

ಸಹಿ ಹಾಕುವ ಮುಂಚೆ ಆ ಮುದುಕ ಕಣ್ಣೊರೆಸಿಕೊಂಡು ರಹಮಾನ್, ರಹೀಮ್ ಎಂದು ದೇವರನ್ನು ನೆನೆದ. "ಕೇಳಿದ್ರ್ಯಾ? ಕರುಣೆಯ ಹೆಸರು. ನಮ್ಮ ಹೀಬ್ರೂ ಮಾತಿನ್ಯಾಗೂ ಇದ ಶಬ್ದ ಅದ," ಎಂದರು ಲೇಯಾ.

ಆಸ್ಪತ್ರೆಯಲ್ಲಿ ವಿಕ್ಟರ್ ಒಬ್ಬನೇ ಒಳಗೆ ಹೋಗಿ ಬಂದ. ತಾನು ಮುಖ ನೋಡದೆ ಮನೆಗೆ ತಿಳಿಸಬಾರದೆಂಬುದು ಅವನ ನಿಯಮ. ಹೊರಗಿನ ಕಟ್ಟೆಯ ಮೇಲೆ ಕೂತು ಆ ಹಳೆಯ ಫೋನಿನಿಂದ ಊರಿಗೆ ಕರೆ ಮಾಡಿದ. ನಾವು ಮೂವರೂ ಪಕ್ಕದಲ್ಲೇ ಇದ್ದೆವು.

"ನಾನು ಒಮಾನಿಂದ ವಿಕ್ಟರ್ ಮಾತಾಡುವುದು. ಭಾಸ್ಕರನ ಮನೆಯವರಾ? ನಿಮ್ಮ ಹತ್ತಿರ ಈಗ ಯಾರಿದ್ದಾರೆ? ಯಾರೂ ಇಲ್ವಾ? ಪಕ್ಕದ ಮನೆಯವರನ್ನು ಒಮ್ಮೆ ಕರೀರಿ ಅಮ್ಮ. ಅವಸರ ಇಲ್ಲ. ನಾನು ಲೈನಲ್ಲೇ ಇರ್ತೇನೆ."

ಆಮೇಲೆ ಸುಮ್ಮನೆ ಕೂತ. ಆ ಕಡೆ ಬಾಗಿಲು ತೆಗೆದದ್ದು, ಯಾರನ್ನೋ ಕೂಗಿದ್ದು, ನಾಯಿ ಬೊಗಳಿದ್ದು ನಮಗೂ ಕೇಳುತ್ತಿತ್ತು. ಪಕ್ಕದ ಮನೆಯ ಹೆಂಗಸು ಬಂದು ಅವಳ ಕೈ ಹಿಡಿದಿದ್ದಾಳೆಂದು ಗಟ್ಟಿಮಾಡಿಕೊಂಡ ಮೇಲೆಯೇ ವಿಷಯ ಹೇಳಿದ. ಅವಳು ಅತ್ತಷ್ಟು ಹೊತ್ತೂ ಫೋನು ಇಡಲಿಲ್ಲ. ನಡುವೆ ಒಮ್ಮೆ "ಹಾಂ ಅಮ್ಮ, ಇದ್ದೇನೆ" ಎಂದ.

ಇಟ್ಟ ಮೇಲೆ ನನ್ನನ್ನು ನೋಡಿದ. "ಒಬ್ಬರೇ ಇರುವಾಗ ಹೇಳಬಾರದು ಅಕ್ಕಾ. ಇಷ್ಟೇ ನಾನು ಕಲಿತದ್ದು."

ಹರೀಶರು ದೂರ ಹೋಗಿ ಕನ್ನಡಕ ತೆಗೆದು ಒರೆಸುತ್ತ ನಿಂತಿದ್ದರು.

ಮರಳುವ ದಾರಿ

ಬಲಗಡೆ ಹಜರ್ ಬೆಟ್ಟಗಳಿದ್ದಿರಬೇಕು, ಎಡಗಡೆ ಸಮುದ್ರವಿದ್ದಿರಬೇಕು. ನಾನು ಯಾವುದನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಮಂಡಿ ಬಾತಿತ್ತು, ಕುರ್ಚಿಗಳು ಹಿಂದೆ ಲಟಲಟ ಎನ್ನುತ್ತಿದ್ದವು. ಇಂಥ ಕೆಲಸವನ್ನು ಇಷ್ಟು ವರ್ಷ ಮಾಡಿದವನು ಒಂದು ಶಾಲಿಗೆ ಯಾಕೆ ಹೆದರುತ್ತಾನೆಂದು ನನಗೆ ಸಿಟ್ಟೂ ಇತ್ತು. ಲೇಯಾ ಬಳಿ ಹೇಳಿಕೊಂಡೆ.

"ಬರೂ ವಾರ ನಮ್ಮಲ್ಲಿ ಒಂದು ಪಾಠ ಅದರಿ. ನಮ್ಮ ಧರ್ಮಗ್ರಂಥ ತೋರಾನ್ನ ವಾರಕ್ಕೊಂದು ಪಾಠದಂಗ ಓದತೀವಿ. ನಮ್ಮ ಮಂದೀನ್ನ ಗುಲಾಮಗಿರಿಯಿಂದ ಬಿಡಿಸಿದ ಮೋಶೆ ಹುಟ್ಟಿದ ಮ್ಯಾಲೆ ಅವನ ಹೆಸರು ಇಲ್ಲದ ಪಾಠ ಸಿಗೂದ ಅಪರೂಪ. ಇದರಾಗ ಮಾತ್ರ ಒಂದ ಕಡೆನೂ ಇಲ್ಲ."

"ಯಾಕೆ?"

"ಮಂದಿ ಚಿನ್ನದ ಕರು ಮಾಡಿ ಪೂಜಾ ಮಾಡಿದ್ರಲ್ಲ, ದೇವರಿಗೆ ಸಿಟ್ಟು ಬಂತು. ಇವರನ್ನೆಲ್ಲ ಅಳಿಸಿ ನಿನ್ನ ಒಬ್ಬಾವನಿಂದ ದೊಡ್ಡ ಕುಲ ಮಾಡ್ತೀನಿ ಅಂದ. ಬ್ಯಾರೆಯವ ಆಗಿದ್ರ ಹೂಂ ಅಂತಿದ್ದ. ಮೋಶೆ, ಅವರಿಗೆ ಕ್ಷಮಾ ಇಲ್ಲಾಂದ್ರ ನನ್ನ ಹೆಸರೂ ನಿನ್ನ ಪುಸ್ತಕದಿಂದ ಅಳಿಸು ಅಂದ. ದೇವರು ಕ್ಷಮಾ ಮಾಡಿದ. ಆದ್ರ ಆ ಮಾತು ಸುಳ್ಳಾಗಬಾರದು ನೋಡ್ರಿ, ಅದಕ್ಕ ಒಂದು ಪಾಠದಾಗ ಹೆಸರು ಹೋತು. ಹೆಸರು ಇಲ್ಲ ಖರೇ, ಆದ್ರ ದೇವರು ಪಾಠದ ಉದ್ದಕ್ಕೂ ಅವನ ಜೋಡಿನ ಮಾತಾಡ್ಯಾನ."

ಮೋಶೆಯ ಕಥೆಯನ್ನು ಎಷ್ಟು ಸಲ ಮಕ್ಕಳಿಗೆ ಹೇಳಿದ್ದೇನೋ, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಸಾಯೂ ಟೈಮ್ ಬಂದಾಗ ತನಗಂತ ಏನೂ ಕೇಳಲಿಲ್ರಿ. ಈ ಮಂದಿ ಕುರುಬ ಇಲ್ಲದ ಕುರಿ ಆಗಬಾರದು, ಇನ್ನೊಬ್ಬಾವನ್ನ ನೇಮಸು ಅಂದ. ಮಕ್ಕಳಿದ್ರು, ಆ ಜಾಗಾ ಅವರಿಗೆ ಸಿಗಲಿಲ್ಲ. ಅವನ ಸೇವಾ ಮಾಡ್ತಿದ್ದ ಯೆಹೋಶುವಗ ಸಿಕ್ತು. ಯಾಕ ಗೊತ್ತೇನು? ಅಂವ ದಿನಾ ಮುಂಜಾನೆ ಬಂದು ಪಾಠ ಕೇಳವರಿಗೆ ಬೆಂಚು ಜೋಡಸತಿದ್ದ, ಚಾಪಿ ಹಾಸತಿದ್ದ ಅಂತ ನಮ್ಮ ಹಿರ್‍ಯಾರು ಹೇಳ್ತಾರ."

ಹರೀಶರು ಕನ್ನಡಿಯಲ್ಲಿ ನೋಡುತ್ತ ಕೇಳಿದರು, "ಬರೀ ಬೆಂಚು ಜೋಡಿಸಿದ್ದಕ್ಕಾ ಮೇಡಂ?"

"ಹೌದ್ರಿ. ದೇವರು ಅವನ ತಲಿಮ್ಯಾಗ ಒಂದು ಕೈ ಇಡು ಅಂದಿದ್ದ. ಮೋಶೆ ಎರಡೂ ಕೈ ಇಟ್ಟ. ಹೊಟ್ಟೆಕಿಚ್ಚು ಇಲ್ಲದಾಂವ ಹಂಗ ಕೊಡ್ತಾನ."

"ಅವನಿಗೆ ಹೆದರಿಕೆ ಆಗ್ಲಿಲ್ವಾ?"

"ಯೆಹೋಶುವಗ? ಆಗಿರಬೇಕು. ಹೆದರಬ್ಯಾಡ, ಹೆದರಬ್ಯಾಡ ಅಂತ ಮತ್ತ ಮತ್ತ ಹೇಳ್ಯಾರ. ಹೆದರದವಗ ಯಾರು ಹಂಗ ಹೇಳ್ತಾರ್ರೀ? ಮೋಶೆನೂ ಮೊದಲು, ನನ್ನ ಕೈಲೆ ಆಗೂದಿಲ್ಲ, ಬ್ಯಾರೆಯವರನ್ನ ಕಳಸು ಅಂದಾವನ."

ಬರ್ಕಾದಲ್ಲಿ ಲೇಯಾ ಇಳಿದರು. ಡಬ್ಬಿಯನ್ನು ನನ್ನ ಮಡಿಲಿಗಿಟ್ಟು, ಸನ್ಮಾನಕ್ಕೆ ಬರಲಾಗುವುದಿಲ್ಲ, ಶುಕ್ರವಾರ ಹೊತ್ತು ಮುಳುಗುವ ಮುಂಚೆ ಮನೆಯಲ್ಲಿ ಸಬ್ಬತ್ತಿನ ದೀಪ ಹಚ್ಚಬೇಕು ಎಂದರು.

ಮತ್ತೆ ಅಲ್ ಮವಾಲೇಹ್

ಭಾಸ್ಕರನ ಕಾಗದಪತ್ರ ಮುಗಿಯಲು ವಾರ ಹಿಡಿಯಿತು. ಪೆಟ್ಟಿಗೆ ಹೊರಡುವುದು ಸನ್ಮಾನ ಇಟ್ಟಿದ್ದ ಮುಂದಿನ ಶುಕ್ರವಾರ ಸಂಜೆಯೇ ಎಂದು ಗೊತ್ತಾದಾಗ ವಿಕ್ಟರನ ಮುಖದಲ್ಲಿ ಬಿಡುಗಡೆಯ ಕಳೆ ಕಂಡದ್ದು ಸುಳ್ಳಲ್ಲ.

"ನಾನು ಹತ್ತಿಸಿ ಬರ್ತೇನೆ. ನೀನು ಹೋಗಿ ಕೂತಿರು," ಎಂದು ಹೊರಟ. ಅವಸರದಲ್ಲಿ ಹಳೆಯ ಫೋನು ಅಂತೋನಿಯ ಪಕ್ಕದಲ್ಲೇ ಉಳಿಯಿತು. ನಾನು ಅದನ್ನು ಕೈಚೀಲಕ್ಕೆ ಹಾಕಿಕೊಂಡೆ, ರೇಷ್ಮೆ ಸೀರೆ ಉಟ್ಟುಕೊಂಡೆ. ಇಷ್ಟು ದೂರ ಬಂದು, ಊರಿಗೆಲ್ಲ ಹೇಳಿ, ಕೊನೆಗೆ ತಮ್ಮನಿಲ್ಲದ ಸನ್ಮಾನಕ್ಕೆ ಹೋಗುತ್ತಿದ್ದೇನೆಂದು ದುಃಖವಾಯಿತು.

ಸಭಾಂಗಣದಲ್ಲಿ ಹರೀಶರು ಕುರ್ಚಿಗಳನ್ನು ನೂಲು ಹಿಡಿದಂತೆ ಸಾಲಾಗಿ ಹಾಕಿದ್ದರು. ಕಾದೂ ಕಾದೂ ಅಧ್ಯಕ್ಷರಿಗೆ ಸಾಕಾಯಿತು, ಜನಕ್ಕೆ ಊಟದ ಹೊತ್ತಾಯಿತು. ಖಾಲಿ ಕುರ್ಚಿಯನ್ನೇ ನಡುವೆ ಇಟ್ಟು ಶುರುಮಾಡಿದರು. ಬಿನ್ನವತ್ತಳೆಗೆ ಬಂಗಾರದ ಅಂಚಿನ ಚೌಕಟ್ಟು.

"ಮಾನ್ಯರೇ, ತಾವು ಕಡಲಾಚೆಯ ಈ ನಾಡಿನಲ್ಲಿ ಕನ್ನಡಿಗರ ಕಣ್ಣೀರು ಒರೆಸಿದವರು. ತಾವು ಹಗಲಿರುಳೆನ್ನದೆ..." ಅಧ್ಯಕ್ಷರ ಕಂಠ ಚೆನ್ನಾಗಿತ್ತು. ಕೊನೆಯ ಸಾಲು ಮುಗಿಸಿ, ಇನ್ನು ಹೆಸರು ಕೂಗಬೇಕೆಂದು ಕಾಗದದ ಮೇಲೆ ಕೆಳಗೆ ಕಣ್ಣಾಡಿಸಿದರು. ಕಣ್ಣಾಡಿಸುತ್ತಲೇ ಇದ್ದರು.

ಹೆಸರು ಇರಲಿಲ್ಲ. ಉಪಾಧ್ಯಕ್ಷರು ಮೇಲೆ, ಕಾರ್ಯದರ್ಶಿ ಪಕ್ಕಕ್ಕೆ, ಖಜಾಂಚಿ ಸ್ವಲ್ಪ ಎಡಕ್ಕೆ ಎಂದು ತಮ್ಮ ಹೆಸರುಗಳನ್ನು ಸರಿಸಿ ಸರಿಸಿ, ವಿಕ್ಟರನನ್ನೇ ಕಾಗದದಿಂದ ಆಚೆಗೆ ತಳ್ಳಿಬಿಟ್ಟಿದ್ದರು. ಪದಾಧಿಕಾರಿಗಳು ಮಾತ್ರ ಒಬ್ಬರೂ ಬಿಡದೆ ಕೆಳಗೆ ಹಾಜರಿದ್ದರು. ಇನ್ನೊಂದು ದಿನವಾಗಿದ್ದರೆ ನಾನು ಮೇಲೆ ಹೋಗಿ ಜಗಳವಾಡುತ್ತಿದ್ದೆ. ಅಂದು ಲೇಯಾರ ಪಾಠ ನೆನಪಾಗಿ ಸುಮ್ಮನೆ ಕೂತೆ, ಯಾಕೋ ಮನಸ್ಸಿಗೆ ಸಮಾಧಾನವೂ ಆಯಿತು. ಅಧ್ಯಕ್ಷರು ಬೆವರೊರೆಸಿಕೊಂಡು ನಾನು ತಂದ ಶಾಲನ್ನು ಕುರ್ಚಿಯ ಬೆನ್ನಿಗೆ ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತಾಗ ನನ್ನ ಕೈಚೀಲದಲ್ಲಿ ಫೋನು ಹೊಡೆದುಕೊಳ್ಳತೊಡಗಿತು.

ಎಲ್ಲರಿಗೂ ಆ ಸದ್ದು ಗೊತ್ತು. ಸಭೆ ತಣ್ಣಗಾಯಿತು. ನಾನು ಫೋನನ್ನು ಅಂಗೈಯಲ್ಲಿ ಹಿಡಿದು ವೇದಿಕೆಯ ಕಡೆ ಚಾಚಿದೆ. ಅಧ್ಯಕ್ಷರು ಕಾರ್ಯದರ್ಶಿಯನ್ನು ನೋಡಿದರು, ಕಾರ್ಯದರ್ಶಿ ಖಜಾಂಚಿಯನ್ನು, ಖಜಾಂಚಿ ನೆಲವನ್ನು. ಅದು ಹೊಡೆದುಕೊಳ್ಳುತ್ತಲೇ ಇತ್ತು.

ಹಿಂದಿನ ಸಾಲಿನಿಂದ ಹರೀಶರು ಬಂದರು. ಪ್ಯಾಂಟಿಗೆ ಕೈ ಒರೆಸಿಕೊಂಡು ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮುಖ ಬಿಳಿಚಿತ್ತು.

"ಹಲೋ. ಹೌದು, ವಿಕ್ಟರಣ್ಣನ ನಂಬರೇ. ನಾನು ಹರೀಶ. ಹೇಳಿ." ಬಾಗಿಲ ಕಡೆ ನಡೆಯುತ್ತ ಕೇಳಿಸಿಕೊಂಡರು. ಆಚೆಯವರ ದನಿ ಒಡೆದಿತ್ತು, ನಮಗೂ ಕೇಳಿಸುವಷ್ಟು. ಹರೀಶರು ಹೊಸ್ತಿಲಲ್ಲಿ ನಿಂತು ಗೋಡೆಗೆ ಕೈ ಊರಿದರು.

"ಅವಸರ ಇಲ್ಲ. ನಿಮ್ಮ ಹತ್ರ ಈಗ ಯಾರಿದ್ದಾರೆ? ಯಾರನ್ನಾದ್ರೂ ಕರೀರಿ. ನಾನು ಲೈನಲ್ಲೇ ಇರ್ತೀನಿ."

ಬಾಗಿಲು ಮುಚ್ಚಿಕೊಂಡಿತು. ಜನ ಊಟಕ್ಕೆ ಎದ್ದರು, ಉಂಡರು, ಒಬ್ಬೊಬ್ಬರಾಗಿ ಹೋದರು. ಹರೀಶರು ಇನ್ನೂ ಹೊರಗೆ ಫೋನಿನಲ್ಲೇ ಇದ್ದರು. ಕುರ್ಚಿಗಳು ಹಾಕಿದಲ್ಲೇ ಉಳಿದವು, ಮಡಚಲು ಯಾರೂ ಇರಲಿಲ್ಲ. ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೆ.